ಥೆಲೋನಿಯಸ್ ಮಾಂಕ್ ಪಿಯಾನೋ ತಪ್ಪು ನುಡಿಸ್ದಂಗೆ ಯಾಕೆ ಕೇಳುತ್ತೆ? ಎಲ್ಲಿಂದ ಶುರು ಮಾಡ್ಲಿ?

ಇರುಳುರಾಗ:

ಎಲ್ರಿಗೂ ನಮಸ್ಕಾರ. ಜಾಝ್ ಕೇಳೋಕೆ ಶುರು ಮಾಡಿ ಒಂದು ವರ್ಷ ಆಯ್ತು. ಬಿಲ್ ಇವಾನ್ಸ್ ಮೊದಲ ದಿನವೇ ಹಿಡಿಸಿಬಿಟ್ಟ, ಎಲಿಂಗ್ಟನ್ ನಿಧಾನಕ್ಕೆ ಒಳಗಿಳಿದ, ಆದ್ರೆ ಥೆಲೋನಿಯಸ್ ಮಾಂಕ್ ಹತ್ರ ಬಂದಾಗೆಲ್ಲ ಹೊಸ್ತಿಲಲ್ಲೇ ನಿಂತುಬಿಡ್ತೀನಿ. ಮೊನ್ನೆ ರಾತ್ರಿ ಮನೇಲಿ ಎಲ್ಲರೂ ಮಲಗಿದ ಮೇಲೆ ಹೆಡ್‌ಫೋನ್ ಹಾಕ್ಕೊಂಡು 'ಬ್ರಿಲಿಯಂಟ್ ಕಾರ್ನರ್ಸ್' ಆಲ್ಬಮ್ ಹಾಕಿದೆ, ಮೊದಲನೇ ಟ್ರ್ಯಾಕು ಕುಂಟ್ಕೊಂಡು ಕುಂಟ್ಕೊಂಡು ಬರುತ್ತೆ, ಇದ್ದಕ್ಕಿದ್ದಂಗೆ ಸ್ಪೀಡು ಡಬಲ್ ಆಗುತ್ತೆ, ಮತ್ತೆ ಕುಂಟುತ್ತೆ, ಪಿಯಾನೋ ಅಂತೂ ಒತ್ತಬೇಕಾದ ಮನೆ (ಕೀ) ಜೊತೆ ಪಕ್ಕದ ಮನೆನೂ ಸೇರಿಸಿ ಒತ್ತಿದಂಗೆ, ಮಧ್ಯ ಮಧ್ಯ ಕೈ ಎತ್ತಿ ಸುಮ್ನೆ ಕೂತುಬಿಡ್ತಾನೆ, ಮುಂದಿಂದು ಮರ್ತೇ ಹೋಯ್ತೇನೋ ಅನ್ನೋ ಥರ. ಮೂರು ಸಲ ಕೇಳಿದೆ. ಹಿಡಿಯೋಕೂ ಆಗ್ತಿಲ್ಲ ಬಿಡೋಕೂ ಆಗ್ತಿಲ್ಲ.

ತಿಳಿದವರು ದಯವಿಟ್ಟು ಹೇಳಿ, ಆ ಅಪಸ್ವರ ಎಲ್ಲ ಬೇಕಂತಲೇ ನುಡಿಸಿದ್ದಾ? 'ರೌಂಡ್ ಮಿಡ್‌ನೈಟ್' ಬರೆದವನೂ ಇವನೇ ಅಂತ ಗೊತ್ತಾದಾಗ ನಂಗೆ ನಂಬೋಕೇ ಆಗ್ಲಿಲ್ಲ, ಅದು ಎಷ್ಟು ಮೆತ್ತಗಿದೆ. ಈ ಮನುಷ್ಯ ಯಾರು, ಹೆಂಗೆ ಬದುಕಿದ, ಯಾವುದು ಮೊದಲು ಕೇಳ್ಬೇಕು, ಸ್ವಲ್ಪ ಬಿಡಿಸಿ ಹೇಳಿದ್ರೆ ಉಪಕಾರ ಆಗುತ್ತೆ.

ಕಪ್ಪುಐದು:

ಬೇಕಂತಲೇ. ಒಂದೊಂದೂ ಬೇಕಂತಲೇ. ಇದನ್ನ ಮೊದಲು ಮನಸ್ಸಲ್ಲಿ ಇಟ್ಕೊಳ್ಳಿ, ಆಮೇಲೆ ಎಲ್ಲ ಸಲೀಸಾಗುತ್ತೆ.

ನಾನು ಕೀಬೋರ್ಡ್ ನುಡಿಸ್ತೀನಿ, ಹಾಗಾಗಿ ಕೈ ಕಡೆಯಿಂದ ಹೇಳ್ತೀನಿ. ನಿಮ್ಮ ಹತ್ರ ಕೀಬೋರ್ಡೋ ಹಾರ್ಮೋನಿಯಮ್ಮೋ ಏನಾದ್ರೂ ಇದ್ರೆ ಒಂದು ಕೆಲಸ ಮಾಡಿ ನೋಡಿ, ಕಪ್ಪು ಎರಡು ಮತ್ತೆ ಅದರ ಪಕ್ಕದ ಬಿಳಿ ಮೂರು, ಅಂದ್ರೆ ಎರಡನೇ ಕಪ್ಪು ಮನೆ, ಮೂರನೇ ಬಿಳಿ ಮನೆ, ಎರಡನ್ನೂ ಒಟ್ಟಿಗೆ ಗಟ್ಟಿಯಾಗಿ ಒತ್ತಿ. ಕರ್ಕಶವಾಗಿ ಕಚ್ಚಾಡುತ್ತೆ ಅಲ್ವಾ. ಈಗ ಬಿಳಿ ಮೂರನ್ನ ಹಾಗೇ ಹಿಡ್ಕೊಂಡು ಕಪ್ಪು ಎರಡನ್ನ ಮಾತ್ರ ಬಿಟ್ಟುಬಿಡಿ. ಆ ಕಚ್ಚಾಟದ ಒಳಗಿಂದ ಒಂದು ಸ್ವರ ಮಾತ್ರ ತೇಲಿ ಉಳ್ಕೊಳ್ಳುತ್ತೆ, ಕೆಳಗಿಂದ ಜಾರಿ ಮೇಲೆ ಬಂದು ನಿಂತಂಗೆ ಕೇಳುತ್ತೆ. ಪಿಯಾನೋದಲ್ಲಿ ಗಮಕ ಬರಲ್ಲ, ತಂತಿ ಎಳೆಯೋಕಾಗಲ್ಲ, ಗಿಟಾರ್‌ನವರು, ಹಾಡೋರು ಬ್ಲೂಸ್‌ನಲ್ಲಿ ಸ್ವರಾನ ಬಗ್ಗಿಸ್ತಾರಲ್ಲ ಅದನ್ನ ಮಾಂಕ್ ಈ ಥರ ಪಿಯಾನೋದಿಂದ ಹೊರಡಿಸ್ತಾ ಇದ್ದ. ನೀವು "ಪಕ್ಕದ ಮನೆನೂ ಸೇರಿಸಿ" ಅಂದ್ರಲ್ಲ, ನಿಮ್ಮ ಕಿವಿ ಸರಿಯಾಗೇ ಇದೆ, ಅದು ನಿಜವಾಗ್ಲೂ ಪಕ್ಕದ ಮನೆನೇ.

ಇನ್ನೊಂದು, ಆಗಾಗ ಮೇಲಿಂದ ಕೆಳಕ್ಕೆ ಸರ್ರಂತ ಒಂದು ಓಟ ಬರುತ್ತೆ, ಮೆಟ್ಟಿಲಿಂದ ಗೋಲಿ ಉರುಳಿದ ಹಾಗೆ, ಅದರಲ್ಲಿ ಎಲ್ಲಾ ಸ್ವರಗಳ ಮಧ್ಯ ಒಂದೇ ಅಂತರ, ಸ ರಿ ಗ ಮ ಧ ನಿ ಅಂತ ಪಂಚಮವೇ ಇಲ್ಲದ ಸ್ಕೇಲು. ನಿಲ್ಲೋಕೆ ಜಾಗ ಸಿಗದೆ ಕಿವಿ ಒಂದು ಕ್ಷಣ ತೂಗಾಡುತ್ತೆ, ಆಮೇಲೆ ಎಡಗೈ ಬಂದು ಹಿಡ್ಕೊಳ್ಳುತ್ತೆ. ಆ ಎಡಗೈ ಗಮನಿಸಿ. ಅದು ನ್ಯೂಯಾರ್ಕಿನ ಹಳೇ ಹಾರ್ಲೆಮ್ ಸ್ಟ್ರೈಡ್ ಪಿಯಾನೋ, ಜೇಮ್ಸ್ ಪಿ ಜಾನ್ಸನ್ ಕಾಲದ್ದು, ಧಿಂ ತಕ ಧಿಂ ತಕ ಅಂತ ಅತ್ಲಿಂದಿತ್ತ ಹಾರೋದು. ಹೊಸದು ಮಾಡಿದ ಅಂತ ಎಲ್ರೂ ಹೇಳ್ತಾರೆ, ನಂಗಂತೂ ಅವನಲ್ಲಿ ಹಳೇದೇ ಜಾಸ್ತಿ ಕೇಳುತ್ತೆ.

ಕಲೀದೆ ನುಡಿಸ್ತಿದ್ದ ಅನ್ನೋದು ಶುದ್ಧ ಸುಳ್ಳು. ಚಿಕ್ಕವನಿದ್ದಾಗ ಸೈಮನ್ ವುಲ್ಫ್ ಅನ್ನೋ ಮೇಷ್ಟ್ರ ಹತ್ರ ಕ್ಲಾಸಿಕಲ್ ಪಾಠ ಆಗಿದೆ, ಅವನಿದ್ದ ಬೀದಿ ಕಡೆಯ ಆಲ್ಬರ್ಟಾ ಸಿಮನ್ಸ್ ಅನ್ನೋ ಹೆಂಗಸಿನ ಹತ್ರ ಸ್ಟ್ರೈಡ್ ಕಲ್ತಿದ್ದಾನೆ. ಬೆರಳು ಬಗ್ಗಿಸದೆ ಚಪ್ಪಟೆಯಾಗಿ ಇಟ್ಟು ಹೊಡೀತಿದ್ದಿದ್ದು ಅವನಿಗೆ ಬೇಕಾದ ಶಬ್ದ ಹಾಗೆ ಮಾತ್ರ ಬರ್ತಿತ್ತು ಅಂತ.

ಮತ್ತೆ 'ಬ್ರಿಲಿಯಂಟ್ ಕಾರ್ನರ್ಸ್' ಇಂದ ಶುರು ಮಾಡಿದ್ದು ಪಾಪ ನಿಮ್ಮ ದುರದೃಷ್ಟ, ಈಜು ಕಲಿಯೋರನ್ನ ಸೀದಾ ನಡುನೀರಿಗೆ ತಳ್ಳಿದಂಗೆ! ಆ ಟೈಟಲ್ ಟ್ರ್ಯಾಕನ್ನ 1956ರಲ್ಲಿ ರೆಕಾರ್ಡ್ ಮಾಡೋವಾಗ ಸೋನಿ ರಾಲಿನ್ಸ್, ಮ್ಯಾಕ್ಸ್ ರೋಚ್, ಆಸ್ಕರ್ ಪೆಟಿಫರ್ಡ್ ಅಂಥ ಘಟಾನುಘಟಿಗಳು ಕೂತಿದ್ರು, 25 ಟೇಕ್ ಆದ್ರೂ ಪೂರ್ತಿ ಸರಿಯಾಗಿ ಒಂದೂ ಬರ್ಲಿಲ್ಲ, ಕೊನೆಗೆ ಟೇಪ್ ತುಂಡುಗಳನ್ನ ಅಂಟಿಸಿ ಒಂದು ಮಾಡಿದ್ರು. ಅಷ್ಟು ಕಷ್ಟದ ಕೃತಿ ಅದು.

1954ರ ಟ್ರಯೋ (ಮೂವರ ತಂಡದ) 'ಬ್ಲೂ ಮಾಂಕ್' ಕೇಳಿ, ಪರ್ಸಿ ಹೀತ್ ಬಾಸ್, ಆರ್ಟ್ ಬ್ಲೇಕಿ ಡ್ರಮ್ಸ್. ಹನ್ನೆರಡು ಬಾರಿನ (ಬಾರ್ ಅಂದ್ರೆ ನಾಲ್ಕೆಣಿಕೆಯ ಒಂದು ಆವರ್ತ) ಬ್ಲೂಸು, ಕಪ್ಪು ಐದರ ಶ್ರುತಿ, ಸುಲಭದ ಟ್ಯೂನು. ಆದ್ರೆ ಒಂದೇ ಷರತ್ತು, ಟ್ಯೂನ್ ಬಾಯಿಗೆ ಬರೋ ತನಕ ಮುಂದಕ್ಕೆ ಹೋಗ್ಬೇಡಿ. ಪಾತ್ರೆ ತೊಳೆಯೋವಾಗ, ನಡೆಯೋವಾಗ ಗುನುಗ್ತಾ ಇರಿ. ಆಮೇಲೆ ಸೋಲೋ ಬಂದಾಗ ಮನಸ್ಸಿನೊಳಗೆ ಆ ಟ್ಯೂನನ್ನೇ ಓಡಿಸ್ತಾ ಕೇಳಿ. ಉಳಿದವರ ಸೋಲೋ ಟ್ಯೂನಿನ ಕೆಳಗಿರೋ ಸ್ವರಗುಚ್ಛಗಳ (chord) ಮೇಲೆ ಹೋಗುತ್ತೆ, ಮಾಂಕ್ ಸೋಲೋ ಟ್ಯೂನ್ ಮೇಲೆ ಹೋಗುತ್ತೆ, ಟ್ಯೂನಿನ ಒಂದು ಚೂರು ಮುರಿದು ಅದನ್ನೇ ತಿರುಗಿಸಿ ಮಗುಚಿ ನೋಡ್ತಾ ಇರ್ತಾನೆ. ಕೈ ಎತ್ತಿ ಸುಮ್ನೆ ಕೂತಾಗ ಆ ಖಾಲಿ ಜಾಗದಲ್ಲಿ ಟ್ಯೂನ್ ನಿಮ್ಮೊಳಗೆ ಕೇಳ್ಬೇಕು ಅಂತ ಅವನ ಲೆಕ್ಕ. ಟ್ಯೂನ್ ಗೊತ್ತಿಲ್ದೇ ಹೋದ್ರೆ ಅದು ಬರೀ ಖಾಲಿ ಜಾಗ. ಅವನು ಮೊದಲು ಕಂಪೋಸರ್, ಆಮೇಲೆ ಪಿಯಾನಿಸ್ಟ್, ನನ್ನ ಪ್ರಕಾರ ಅವನನ್ನ ಕೇಳೋಕೆ ಬೇರೆ ಬಾಗಿಲೇ ಇಲ್ಲ.

ಹಳೇರೆಕಾರ್ಡು:

ಕಪ್ಪುಐದು ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ಬದುಕಿನ ಕಥೆ ನಾನು ಹೇಳ್ತೀನಿ, ಉದ್ದ ಆಗುತ್ತೆ, ಬಿಡುವಾದಾಗ ಓದ್ಕೊಳ್ಳಿ.

ಹುಟ್ಟಿದ್ದು 1917 ಅಕ್ಟೋಬರ್ 10, ನಾರ್ತ್ ಕೆರೊಲಿನಾದ ರಾಕಿ ಮೌಂಟ್ ಅನ್ನೋ ಊರಲ್ಲಿ. 1922ರಲ್ಲಿ ತಾಯಿ ಬಾರ್ಬರಾ ಮೂರು ಮಕ್ಕಳನ್ನ ಕಟ್ಕೊಂಡು ನ್ಯೂಯಾರ್ಕ್‌ಗೆ ಬಂದಳು, ಮ್ಯಾನ್‌ಹ್ಯಾಟನ್‌ನ 63ನೇ ಬೀದಿ, ಸಾನ್ ವಾನ್ ಹಿಲ್ ಅಂತ ಕರೀತಿದ್ದ ಏರಿಯಾ. ಮಾಂಕ್ ತನ್ನ ಜೀವನದ ಬಹುಪಾಲು ಅದೇ ಬೀದಿಯ ಚಿಕ್ಕ ಮನೇಲೇ ಕಳೆದ, ಪಿಯಾನೋ ಅಡುಗೆಮನೆಗೇ ತಗಲ್ಕೊಂಡು ಇರ್ತಿತ್ತು ಅಷ್ಟು ಇಕ್ಕಟ್ಟು. ಹದಿಹರೆಯದಲ್ಲಿ ಸ್ಕೂಲ್ ಬಿಟ್ಟು ಒಬ್ಬ ಸುವಾರ್ತೆ ಸಾರೋ ಹೆಂಗಸಿನ ತಂಡದ ಜೊತೆ ಊರೂರು ಸುತ್ತುತ್ತಾ ಪಿಯಾನೋ ನುಡಿಸಿದ. ಕಾನ್ಸಾಸ್ ಸಿಟಿಯಲ್ಲಿ ಪಿಯಾನಿಸ್ಟ್ ಮೇರಿ ಲೂ ವಿಲಿಯಮ್ಸ್ ಅವನನ್ನ ಮೊದಲು ಕೇಳಿದ್ದು ಆಗಲೇ.

1940ರ ದಶಕದ ಶುರುವಲ್ಲಿ ಹಾರ್ಲೆಮ್‌ನ 118ನೇ ಬೀದಿಯ ಮಿಂಟನ್ಸ್ ಪ್ಲೇಹೌಸ್‌ನಲ್ಲಿ ಖಾಯಂ ಪಿಯಾನಿಸ್ಟ್ ಆದ, ಡ್ರಮ್ಸ್‌ಗೆ ಕೆನ್ನಿ ಕ್ಲಾರ್ಕ್. ಬೇರೆ ಬ್ಯಾಂಡ್‌ಗಳಲ್ಲಿ ಹೊಟ್ಟೆಪಾಡಿನ ಕೆಲಸ ಮುಗಿಸಿ ಡಿಜ್ಜಿ ಗಿಲೆಸ್ಪಿ, ಚಾರ್ಲಿ ಕ್ರಿಶ್ಚಿಯನ್, ಆಮೇಲೆ ಚಾರ್ಲಿ ಪಾರ್ಕರ್ ಎಲ್ಲ ರಾತ್ರಿ ಹೊತ್ತು ಅಲ್ಲಿ ಬಂದು ಸೇರೋರು. ಬೀಬಾಪ್ ಅಂತ ಮುಂದೆ ಹೆಸರಾಯ್ತಲ್ಲ ಅದು ಮೊಳಕೆ ಒಡೆದ ಜಾಗಗಳಲ್ಲಿ ಅದೂ ಒಂದು. ಆದ್ರೆ ಬೀಬಾಪ್ ಅಂದ್ರೆ ಮಿಂಚಿನ ವೇಗ, ಮಾಂಕ್ ಮಾತ್ರ ತನ್ನ ಪಾಡಿಗೆ ನಿಧಾನ, ಎರಡು ಸ್ವರ ಸಾಕಾದ ಕಡೆ ಮೂರನೇದು ಮುಟ್ಟೋನಲ್ಲ. ಉಳಿದವರಿಗೆಲ್ಲ ಹೆಸರು ಬಂತು, ಇವನು ಹಿಂದೆ ಉಳಿದ. 1944ರಲ್ಲಿ ಕೂಟಿ ವಿಲಿಯಮ್ಸ್ ಬ್ಯಾಂಡ್ 'ರೌಂಡ್ ಮಿಡ್‌ನೈಟ್' ರೆಕಾರ್ಡ್ ಮಾಡಿತು, ಆ ಬ್ಯಾಂಡಿನ ಪಿಯಾನೋಗೆ ಬಡ್ ಪವೆಲ್ ಇದ್ದ, ಮಾಂಕ್‌ನ ಪ್ರಾಣಸ್ನೇಹಿತ. ಹಾಡಿನ ಮೇಲೆ ಕೂಟಿ ಹೆಸರೂ ಸೇರ್ಕೊಂಡ್ತು, ಸಾಹಿತ್ಯ ಬರೆದ ಬರ್ನಿ ಹ್ಯಾನಿಗನ್ ಹೆಸರೂ ಸೇರ್ತು, ದುಡ್ಡಲ್ಲೂ ಪಾಲು. ಜಗತ್ತೆಲ್ಲ ನುಡಿಸೋ ಆ ಒಂದು ಟ್ಯೂನೂ ಪೂರ್ತಿ ಅವನ ಕೈಗೆ ದಕ್ಕಲಿಲ್ಲ ಅಂತ ನೆನೆಸ್ಕೊಂಡಾಗೆಲ್ಲ ನಂಗೆ ಹೊಟ್ಟೆ ಉರಿಯುತ್ತೆ.

ಸ್ವಂತ ಹೆಸರಲ್ಲಿ ಮೊದಲ ರೆಕಾರ್ಡಿಂಗ್ ಆಗಿದ್ದು 1947ರಲ್ಲಿ, ಬ್ಲೂ ನೋಟ್ ಕಂಪನಿಗೆ, ವಯಸ್ಸು ಆಗಲೇ 30. ಆಲ್ಫ್ರೆಡ್ ಲಯನ್, ಅವನ ಹೆಂಡತಿ ಲೊರೇನ್ ಇಬ್ಬರೂ ಇವನನ್ನ ಪೂರ್ತಿ ನಂಬಿದ್ರು. 'ರೂಬಿ ಮೈ ಡಿಯರ್', 'ವೆಲ್ ಯೂ ನೀಡಂಟ್', 'ಇನ್ ವಾಕ್ಡ್ ಬಡ್', ಮರುವರ್ಷ 'ಮಿಸ್ಟೀರಿಯೋಸೋ', 'ಎಪಿಸ್ಟ್ರೋಫಿ', ಎಲ್ಲಾ ಆ ಕಾಲದ್ದೇ. ಮಾರಾಟ ಆಗ್ಲಿಲ್ಲ. ಸೇಲ್ಸ್ ಅಂತ ನೋಡಿದ್ರೆ ಏನೇನೂ ಇಲ್ಲ.

ಈಗ ಬರೋದು ನಂಗೆ ಬರೆಯೋಕೂ ಬೇಜಾರಾಗೋ ಭಾಗ. 1951 ಜುಲೈ 23ಕ್ಕೆ 'ಸ್ಟ್ರೇಟ್ ನೋ ಚೇಸರ್', 'ಕ್ರಿಸ್ ಕ್ರಾಸ್' ಎಲ್ಲ ಒಂದೇ ದಿನ ರೆಕಾರ್ಡ್ ಮಾಡಿದಾನೆ, ಕೈ ಎಂಥಾ ಫಾರ್ಮಲ್ಲಿ ಇತ್ತು ಅಂತ ಅಲ್ಲೇ ಕೇಳುತ್ತೆ. ಮೂರು ವಾರ ತುಂಬೋದ್ರೊಳಗೆ, ಆಗಸ್ಟಲ್ಲಿ, ಬಡ್ ಪವೆಲ್ ಜೊತೆ ಕಾರಲ್ಲಿ ಕೂತಿದ್ದಾಗ ಪೊಲೀಸರು ಬಂದ್ರು, ಹೆರಾಯಿನ್ ಪೊಟ್ಟಣ ಸಿಕ್ತು. ಮಾಂಕ್ ಗೆಳೆಯನ ಮೇಲೆ ಹೇಳಿಕೆ ಕೊಡಲ್ಲ ಅಂತ ಬಾಯಿ ಮುಚ್ಚಿ ಕೂತ. 60 ದಿನ ಜೈಲು. ಬಡ್‌ಗೆ ಅದಕ್ಕೂ ಮುಂಚೆಯೇ ಮಾನಸಿಕ ಆಸ್ಪತ್ರೆವಾಸ ಎಲ್ಲ ಆಗಿತ್ತು, ಅವನನ್ನ ಒಳಗೆ ಹಾಕಿದ್ರೆ ತಡ್ಕೊಳ್ಳೋ ಸ್ಥಿತೀಲಿ ಇರ್ಲಿಲ್ಲ.

ಜೈಲಿಗಿಂತ ದೊಡ್ಡ ಶಿಕ್ಷೆ ಆಮೇಲೆ ಬಂತು. ನ್ಯೂಯಾರ್ಕಲ್ಲಿ ಆಗ ಕ್ಯಾಬರೆ ಕಾರ್ಡ್ ಅಂತ ಒಂದಿತ್ತು, ಪೊಲೀಸರು ಕೊಡೋದು, ಮದ್ಯ ಮಾರೋ ಕ್ಲಬ್ಬಲ್ಲಿ ಕೆಲಸ ಮಾಡೋರಿಗೆಲ್ಲ ಕಡ್ಡಾಯ, ಅದನ್ನ ಕಿತ್ಕೊಂಡ್ರು. ಬಿಲ್ಲಿ ಹಾಲಿಡೇ ಕಾರ್ಡೂ ಹಂಗೇ ಹೋಗಿತ್ತು, ಪಾರ್ಕರ್‌ದೂ ಹೋಗಿತ್ತು. ಜಾಝ್ ಅಂದ್ರೇನೇ ಕ್ಲಬ್ಬು, ಕ್ಲಬ್ ಅಂದ್ರೇನೇ ಮದ್ಯ, ಅಲ್ಲಿಗೆ ತನ್ನದೇ ಊರಲ್ಲಿ ತನ್ನದೇ ಕಸುಬು ಮಾಡೋಕೆ ಆರು ವರ್ಷ ಆಗ್ಲಿಲ್ಲ. 33ರಿಂದ 39, ಒಬ್ಬ ವಾದ್ಯಗಾರನಿಗೆ ಆ ವಯಸ್ಸು ಅಂದ್ರೆ ಏನು ಅಂತ ಯೋಚನೆ ಮಾಡಿ. ಆ ಕಾರ್ಡ್ ಪದ್ಧತಿ ಪೂರ್ತಿ ಹೋಗಿದ್ದು 1967ರಲ್ಲಿ.

ರೆಕಾರ್ಡಿಂಗ್‌ಗೆ ತಡೆ ಇರ್ಲಿಲ್ಲ, ಪ್ರೆಸ್ಟೀಜ್ ಕಂಪನಿಗೆ ಮಾಡ್ತಿದ್ದ, ಅಲ್ಲೂ ಮಾರಾಟ ಇಲ್ಲ. 1955ರಲ್ಲಿ ರಿವರ್‌ಸೈಡ್ ಕಂಪನಿಯ ಆರಿನ್ ಕೀಪ್‌ನ್ಯೂಸ್ ಅವನ ಕಾಂಟ್ರ್ಯಾಕ್ಟ್ ಬಿಡಿಸ್ಕೊಂಡಿದ್ದು ಎಷ್ಟಕ್ಕೆ ಗೊತ್ತಾ, 108 ಡಾಲರ್ 27 ಸೆಂಟಿಗೆ. ಪ್ರೆಸ್ಟೀಜ್‌ಗೆ ಮಾಂಕ್ ಕೊಡಬೇಕಿದ್ದ ಬಾಕಿ ಅಷ್ಟು. ಥೆಲೋನಿಯಸ್ ಮಾಂಕ್‌ನ ಬೆಲೆ ಅಷ್ಟಾಗಿತ್ತು.

1957ರಲ್ಲಿ ಕಾರ್ಡ್ ವಾಪಸ್ ಬಂತು, ಜುಲೈಯಿಂದ ಫೈವ್ ಸ್ಪಾಟ್ ಕೆಫೆಯಲ್ಲಿ ನುಡಿಸೋಕೆ ಶುರು ಮಾಡಿದ, ಪಕ್ಕದಲ್ಲಿ ಸ್ಯಾಕ್ಸೋಫೋನ್‌ಗೆ ಜಾನ್ ಕೋಲ್ಟ್ರೇನ್. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಬ್ಯಾಂಡಿಂದ ಹೊರಬಂದಿದ್ದ ಕೋಲ್ಟ್ರೇನ್, ಮಾಂಕ್ ಮನೆಗೆ ಹೋಗಿ ಹೋಗಿ ಟ್ಯೂನ್ ಕಲೀತಾ ಇದ್ದ. ಆ ತಿಂಗಳುಗಳಲ್ಲಿ ಜನ ಮುಗಿಬಿದ್ದು ಬಂದ್ರು. ಕೋಲ್ಟ್ರೇನ್ ಸೋಲೋ ನುಡಿಸೋವಾಗ ಮಾಂಕ್ ಪಿಯಾನೋ ಬಿಟ್ಟೆದ್ದು ಸ್ಟೇಜ್ ಮೇಲೆ ನಿಧಾನಕ್ಕೆ ಸುತ್ತು ಹಾಕ್ತಾ ಕುಣೀತಿದ್ದ, ಹುಚ್ಚಾಟ ಅಂದ್ಕೊಂಡೋರು ಬೇಕಾದಷ್ಟು ಜನ, ಆದ್ರೆ ವಾಪಸ್ ಬಂದು ಕೂತು ಮೊದಲ ಸ್ವರಗುಚ್ಛ ಇಟ್ಟಾಗ ಸರಿಯಾದ ಜಾಗಕ್ಕೇ ಬೀಳ್ತಿತ್ತು.

ಮುಂದಿಂದು ಬೇಗ ಹೇಳಿ ಮುಗಿಸ್ತೀನಿ. 1958ರಲ್ಲಿ ಡೆಲವೇರ್‌ನಲ್ಲಿ ಮತ್ತೆ ಪೊಲೀಸ್ ಹೊಡೆತ, ಮತ್ತೆ ಕಾರ್ಡ್ ಹೋಯ್ತು. 1959 ಫೆಬ್ರವರಿಯಲ್ಲಿ ಟೌನ್ ಹಾಲ್‌ನಲ್ಲಿ ದೊಡ್ಡ ಬ್ಯಾಂಡ್ ಜೊತೆ ಅವನದೇ ಕೃತಿಗಳ ಕಛೇರಿ. ಅದೇ ಆಸುಪಾಸಲ್ಲಿ ಚಾರ್ಲಿ ರೌಸ್ ಸ್ಯಾಕ್ಸೋಫೋನಿಗೆ ಸೇರಿ 1970ರ ತನಕ ಜೊತೆಗಿದ್ದ. 1962ರಲ್ಲಿ ಕೊಲಂಬಿಯಾ ಕಂಪನಿ, 1964 ಫೆಬ್ರವರಿ 28ಕ್ಕೆ ಟೈಮ್ ಮ್ಯಾಗಜೀನ್ ಮುಖಪುಟ. ಅದು ಹಿಂದಿನ ನವೆಂಬರಲ್ಲೇ ಬರ್ಬೇಕಿತ್ತು, ಕೆನಡಿ ಹತ್ಯೆ ಆಗಿ ಮುಂದಕ್ಕೆ ಹೋಯ್ತು. 1982 ಫೆಬ್ರವರಿ 17ಕ್ಕೆ ತೀರ್ಕೊಂಡ, 64 ವಯಸ್ಸು. 2006ರಲ್ಲಿ ಪುಲಿಟ್ಜರ್ ಪ್ರಶಸ್ತಿಯವರು ವಿಶೇಷ ಗೌರವ ಕೊಟ್ರು, ಸತ್ತು 24 ವರ್ಷ ಆದ ಮೇಲೆ. ಬರೆದಿದ್ದು ಸುಮಾರು 70 ಕೃತಿ ಅಷ್ಟೆ.

ಎಡುಪು:

ಮೇಲಿನ ಇಬ್ಬರಿಗೂ ಥ್ಯಾಂಕ್ಸ್, ಎಷ್ಟು ಚೆನ್ನಾಗಿ ಬರೆದಿದೀರಾ. ನಾನು ಲಯದ ಕಡೆಯವನು, ಒಂದೇ ಒಂದು ಮಾತು ಸೇರಿಸ್ತೀನಿ.

'ಸ್ಟ್ರೇಟ್ ನೋ ಚೇಸರ್' ಟ್ಯೂನ್ ಕೇಳೋವಾಗ ಕಾಲಲ್ಲಿ ತಾಳ ಹಾಕಿ, ಒಂದ್ ಎರಡ್ ಮೂರ್ ನಾಲ್ಕ್. ಇಡೀ ಟ್ಯೂನಲ್ಲಿ ಇರೋದು ಒಂದು ಪುಟ್ಟ ತುಣುಕು, ಅದೇ ವಾಪಸ್ ವಾಪಸ್ ಬರುತ್ತೆ, ಆದ್ರೆ ಪ್ರತಿ ಸಲ ಎಡುಪು ಬೇರೆ. ಒಂದು ಸಲ ತಾಳದ ಮುಂಚೆ, ಇನ್ನೊಂದು ಸಲ ಅರ್ಧ ಎಣಿಕೆ ತಡವಾಗಿ, ಒಂದು ಕಡೆ ಬಾಲ ಉದ್ದ, ಒಂದು ಕಡೆ ಕತ್ತರಿಸಿ ಹಾಕಿದ್ದು. ಸ್ವರ ಅದೇ, ಒತ್ತು ಬೀಳೋ ಜಾಗ ಬೇರೆ ಆಗ್ತಾ ಆಗ್ತಾ ಅದೇ ತುಣುಕು ಹೊಸದಾಗಿ ಕೇಳುತ್ತೆ. ಕೊನೆಗೆ ಹನ್ನೆರಡು ಬಾರ್ ಮುಗಿಯೋ ಹೊತ್ತಿಗೆ ಎಲ್ಲ ಲೆಕ್ಕ ಚುಕ್ತಾ. ನಾನು ಮೊದಲ ಸಲ ಎಣಿಸ್ಕೊಂಡು ಕೇಳಿದಾಗ ನಾಲ್ಕು ಸಲ ತಾಳ ತಪ್ಪಿದೆ, ಐದನೇ ಸಲ ಕೂತ್ಕೊಳ್ತು, ಆ ಖುಷಿ ಹೇಳೋಕಾಗಲ್ಲ.

ಕುಂಟುತ್ತೆ ಅಂದ್ರಲ್ಲ ಇರುಳುರಾಗ ಅವ್ರೇ, ತಾಳ ಹಾಕ್ಕೊಂಡು ಕೇಳಿ ನೋಡಿ, ಕುಂಟೋದು ನಿಂತೋಗುತ್ತೆ.

ಅಂದಹಾಗೆ ಮೈಲ್ಸ್ ಡೇವಿಸ್‌ಗೂ ಮಾಂಕ್‌ಗೂ ಸ್ಟುಡಿಯೋದಲ್ಲೇ ಕೈ ಕೈ ಮಿಲಾಯಿಸೋ ಮಟ್ಟಕ್ಕೆ ಹೋಗಿತ್ತು ಅಂತ ಎಲ್ಲೋ ಓದಿದ್ದೆ, ನಿಜಾನಾ?

ಕಪ್ಪುಐದು:

ಇಲ್ಲ ಎಡುಪು, ಅದು ಬಾಯಿಂದ ಬಾಯಿಗೆ ಬೆಳೆದಿರೋ ಕಥೆ. 1954ರ ಕ್ರಿಸ್‌ಮಸ್ ಹಿಂದಿನ ದಿನ, ನ್ಯೂಜೆರ್ಸಿಯ ಹ್ಯಾಕನ್‌ಸ್ಯಾಕ್‌ನಲ್ಲಿ ರೆಕಾರ್ಡಿಂಗ್ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಮನೆ ಹಾಲಲ್ಲೇ ಇದ್ದ ಸ್ಟುಡಿಯೋ, ತನ್ನ ಟ್ರಂಪೆಟ್ ಸೋಲೋ ಹಿಂದೆ ಪಿಯಾನೋ ಬೇಡ ಅಂತ ಮೈಲ್ಸ್ ಹೇಳಿದ, ಮಾಂಕ್ ನುಡಿಸ್ಲಿಲ್ಲ, ಆಗಿದ್ದು ಇಷ್ಟೇ. ಹೊಡೆದಾಟ ಆಗಿಲ್ಲ ಅಂತ ಮೈಲ್ಸ್ ಆತ್ಮಕಥೆಯಲ್ಲೇ ಹೇಳಿದಾನೆ. 'ದಿ ಮ್ಯಾನ್ ಐ ಲವ್' ಎರಡನೇ ಟೇಕಲ್ಲಿ ಮಾಂಕ್ ಸೋಲೋ ಮಧ್ಯ ಇದ್ದಕ್ಕಿದ್ದಂಗೆ ನಿಲ್ಲಿಸಿಬಿಡ್ತಾನೆ, ಬಾಸು ಡ್ರಮ್ಸು ಮಾತ್ರ ನಡೀತಾ ಇರುತ್ತೆ, ಆಮೇಲೆ ಮೈಲ್ಸ್ ಟ್ರಂಪೆಟಲ್ಲಿ ಎಬ್ಬಿಸಿದಂಗೆ ಒಂದು ಕೂಗು ಹಾಕ್ತಾನೆ, ಮಾಂಕ್ ತಟ್ಟನೆ ಎದ್ದು ಮುಂದುವರಿಸ್ತಾನೆ. ಜಗಳದ ಕಥೆ ಹುಟ್ಟಿರೋದೇ ಇಂಥ ಜಾಗ ಕೇಳಿ. ನಂಗೆ ಅದು ಜಗಳ ಅನ್ಸಲ್ಲ, ಇಬ್ಬರು ಗೆಳೆಯರು ಮಾತಾಡ್ತಿರೋ ಹಾಗೆ ಕೇಳುತ್ತೆ.

ಮತ್ತೆ ಮೈಲ್ಸ್‌ಗೆ 1955ರ ನ್ಯೂಪೋರ್ಟ್ ಜಾಝ್ ಫೆಸ್ಟಿವಲಲ್ಲಿ ಹೆಸರು ತಂದುಕೊಟ್ಟ ಟ್ಯೂನ್ ಯಾವುದು, 'ರೌಂಡ್ ಮಿಡ್‌ನೈಟ್'. ಕೊಲಂಬಿಯಾ ಕಾಂಟ್ರ್ಯಾಕ್ಟ್ ಸಿಕ್ಕಿದ್ದೂ ಆ ಬೆನ್ನಿಗೇ. ಆ ಹೊತ್ತಲ್ಲಿ ಅದನ್ನ ಬರೆದವನಿಗೆ ಕ್ಲಬ್ಬಲ್ಲಿ ನುಡಿಸೋಕೆ ಕಾರ್ಡೇ ಇರ್ಲಿಲ್ಲ.

ಬೆಳಗಿನಜಾವ:

ಎಲ್ರೂ ಚೆನ್ನಾಗಿ ಬರೆದಿದೀರಾ, ಆದ್ರೆ ಇಷ್ಟುದ್ದ ಥ್ರೆಡ್ಡಲ್ಲಿ ನೆಲ್ಲಿ ಹೆಸರು ಒಂದು ಸಲಾನೂ ಬಂದಿಲ್ಲ ಅನ್ನೋದು ನಂಗೆ ಚುಚ್ತು, ಅದಕ್ಕೆ ಬರೀತಿದೀನಿ.

ನೆಲ್ಲಿ ಸ್ಮಿತ್, ಅವರ ಹೆಂಡತಿ. ಕಾರ್ಡ್ ಇಲ್ಲದ ಆ ಆರು ವರ್ಷ ಹಳೇರೆಕಾರ್ಡು ಅವ್ರು ಹೇಳಿದ್ರಲ್ಲ, ಆಗ ಮನೇಲಿ ಎರಡು ಪುಟ್ಟ ಮಕ್ಕಳು, ಮಗ 1949ರಲ್ಲಿ ಹುಟ್ಟಿದ್ದು, ಮಗಳು ಬಾರ್ಬರಾ 1953ರಲ್ಲಿ. ಹೊರಗೆ ದುಡಿದು ಸಂಸಾರ ನಡೆಸಿದ್ದು ನೆಲ್ಲಿ. ಆಮೇಲೆ ಟೂರ್‌ಗಳು ಶುರುವಾದಾಗ ಬಟ್ಟೆ, ಲೆಕ್ಕಪತ್ರ, ಪ್ರಯಾಣ ಎಲ್ಲ ನೋಡ್ಕೊಂಡಿದ್ದೂ ಅವರೇ. ಮಾಂಕ್‌ಗೆ ದಿನಗಟ್ಟಲೆ ಮಾತು ನಿಂತುಹೋಗೋ ಸ್ಥಿತಿ ಬರ್ತಿತ್ತು, ಕೋಣೆ ತುಂಬ ಓಡಾಡ್ತಾ ಇರೋರು, ಆಸ್ಪತ್ರೆಗೆ ಸೇರಿಸಬೇಕಾದ ಸಂದರ್ಭಗಳೂ ಬಂದವು, ಅದನ್ನೆಲ್ಲ ಮನೆಯೊಳಗೆ ಹೊತ್ತವರು ಇವರು. ಜನ ಟೋಪಿ, ಕುಣಿತ ನೋಡಿ ವಿಚಿತ್ರ ಮನುಷ್ಯ ಅಂತ ಬರೆದು ಸಂಭ್ರಮ ಪಟ್ರು, ಖಾಯಿಲೆ ಅಂತ ನೋಡಿದವರು ಕಮ್ಮಿ. ನಂಗೆ ಆ ಥರದ ಬರವಣಿಗೆ ಮೇಲೆ ಈಗಲೂ ಕೋಪ ಇದೆ.

1957ರ ಮೇ ತಿಂಗಳಲ್ಲಿ ನೆಲ್ಲಿಗೆ ಥೈರಾಯ್ಡ್ ಆಪರೇಷನ್ ಆಯ್ತು. ಆಗ ಮಾಂಕ್ ಬರೆದಿದ್ದು 'ಕ್ರೆಪಸ್ಕ್ಯೂಲ್ ವಿತ್ ನೆಲ್ಲಿ'. ಮುಸ್ಸಂಜೆ ಅಂತ ಅರ್ಥ ಆ ಮೊದಲ ಪದಕ್ಕೆ. ಅದರಲ್ಲಿ ಸೋಲೋ ಇಲ್ಲ, ಯಾರಿಗೂ ಇಲ್ಲ, ಕೋಲ್ಟ್ರೇನ್ ಪಕ್ಕದಲ್ಲಿದ್ರೂ ಇಲ್ಲ. ಬರೆದಿದ್ದನ್ನ ಬರೆದ ಹಾಗೇ ನುಡಿಸಿ ನಿಲ್ಲಿಸ್ತಿದ್ರು. ಜೀವನ ಪೂರ್ತಿ ಮನೋಧರ್ಮದಲ್ಲೇ ನುಡಿಸಿದ ಮನುಷ್ಯ ಇದೊಂದನ್ನ ಮಾತ್ರ ಒಂದು ಸ್ವರ ಅತ್ತಿತ್ತ ಆಗದ ಹಾಗೆ ಕಾಪಾಡ್ಕೊಂಡ್ರು. ನಾನು ಇದನ್ನ ಕೇಳೋವಾಗ ಬೇರೆ ಕೆಲಸ ಇಟ್ಕೊಳ್ಳಲ್ಲ.

ಇನ್ನು ನಿಕಾ ಬಗ್ಗೆ. ಪ್ಯಾನೋನಿಕಾ ಡಿ ಕೋನಿಗ್ಸ್‌ವಾರ್ಟರ್, ರಾಥ್‌ಚೈಲ್ಡ್ ಮನೆತನದ ಹೆಣ್ಣುಮಗಳು, 1954ರಲ್ಲಿ ಪ್ಯಾರಿಸಲ್ಲಿ ಮೇರಿ ಲೂ ವಿಲಿಯಮ್ಸ್ ಮೂಲಕ ಪರಿಚಯ ಆಯ್ತು. ಸಿರಿವಂತೆ, ಬ್ಯಾರನೆಸ್ ಅಂತ ಅವರ ಬಗ್ಗೆ ಬೇಕಾದಷ್ಟು ಬಣ್ಣ ಕಟ್ಟಿ ಬರೀತಾರೆ. ಆದ್ರೆ ಡೆಲವೇರ್ ಘಟನೆ ನೋಡಿ. 1958 ಅಕ್ಟೋಬರ್, ಬಾಲ್ಟಿಮೋರ್‌ಗೆ ಕಛೇರಿಗೆ ಹೋಗ್ತಾ ಇದ್ದಾರೆ, ನಿಕಾ ಕಾರು, ಮಾಂಕ್, ಚಾರ್ಲಿ ರೌಸ್. ದಾರೀಲಿ ಒಂದು ಮೋಟೆಲ್ ಹತ್ರ ಮಾಂಕ್ ಕುಡಿಯೋಕೆ ನೀರು ಕೇಳೋಕೆ ಇಳಿದ್ರು. ಅಷ್ಟಕ್ಕೇ ಪೊಲೀಸ್ ಬಂದ್ರು. ವಾಪಸ್ ಕಾರಲ್ಲಿ ಕೂತಿದ್ದ ಮಾಂಕ್ ಇಳಿಯಲ್ಲ ಅಂದಾಗ ಎಳೆದು ಹೊಡೆದ್ರು, ಕೈಗಳ ಮೇಲೆ ಹೊಡೆದ್ರು, ಪಿಯಾನೋ ನುಡಿಸೋನು ಕೈ ಮೇಲೆ ಬೇಡ ಅಂತ ನಿಕಾ ಕಿರುಚ್ತಾ ಇದ್ರು. ಕಾರಲ್ಲಿ ಸಿಕ್ಕಿದ ಗಾಂಜಾ ನಂದು ಅಂತ ನಿಕಾ ಒಪ್ಕೊಂಡ್ರು. ಮೂರು ವರ್ಷ ಶಿಕ್ಷೆ ಆಗಿತ್ತು, ತಪಾಸಣೆ ಕಾನೂನುಬದ್ಧ ಅಲ್ಲ ಅಂತ 1962ರಲ್ಲಿ ಮೇಲಿನ ಕೋರ್ಟಲ್ಲಿ ರದ್ದಾಯ್ತು. ಈ ಇಬ್ಬರು ಹೆಂಗಸರೂ ಒಬ್ಬರಿಗೊಬ್ಬರು ಮುನಿಸಿಲ್ಲದೆ ಕೊನೇ ತನಕ ಅವರನ್ನ ನೋಡ್ಕೊಂಡ್ರು.

ಇರುಳುರಾಗ:

ಇಷ್ಟೆಲ್ಲ ಬರೆದಿದ್ದಕ್ಕೆ ಹೆಂಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಕಪ್ಪುಐದು ಹೇಳಿದ ಹಾಗೆ 'ಬ್ಲೂ ಮಾಂಕ್' ಮೂರು ದಿನ ಗುನುಗಿದೆ, ಬೇರೆ ಏನೂ ಹಾಕ್ಲಿಲ್ಲ. ನಿನ್ನೆ ರಾತ್ರಿ ಪೂರ್ತಿ ಕೇಳಿದಾಗ ಸೋಲೋ ಮಧ್ಯ ಒಂದು ಕಡೆ ಅವನು ಕೈ ಎತ್ತಿದ, ಆ ಗ್ಯಾಪಲ್ಲಿ ನಂಗೆ ಟ್ಯೂನ್ ಒಳಗೆ ಕೇಳಿಸ್ತು, ಸರಿಯಾಗಿ ಅದರ ಬಾಲಕ್ಕೆ ಅವನು ಎರಡು ಸ್ವರ ಇಟ್ಟ. ಕಣ್ಣಲ್ಲಿ ನೀರು ಬಂತು, ಯಾಕೆ ಅಂತ ಗೊತ್ತಿಲ್ಲ. ಬಿಳಿ ಮೂರು ಕಪ್ಪು ಎರಡು ಪ್ರಯೋಗಾನೂ ಮೊಬೈಲ್ ಆ್ಯಪಲ್ಲೇ ಮಾಡಿದೆ.

ಬೆಳಗಿನಜಾವ ಮೇಡಂ, ನೆಲ್ಲಿ ಟ್ಯೂನ್ ಯಾವ ರೆಕಾರ್ಡಿಂಗಲ್ಲಿ ಕೇಳ್ಲಿ? ಮತ್ತೆ ಹಳೇರೆಕಾರ್ಡು ಸರ್, ನೀವು 1964ರಿಂದ ಸೀದಾ 1982ಕ್ಕೆ ಹಾರಿಬಿಟ್ರಿ. ಮಧ್ಯ ಏನಾಯ್ತು? ಕೊನೆಗೆ ನುಡಿಸೋದೇ ಬಿಟ್ಟಿದ್ದ ಅಂತಾರೆ, ಹೌದಾ?

ಬೆಳಗಿನಜಾವ:

ಮೊದಲು ಬಂದಿದ್ದು 1957ರ 'ಮಾಂಕ್ಸ್ ಮ್ಯೂಸಿಕ್' ಆಲ್ಬಮಲ್ಲಿ. ಅದೇ ಆಲ್ಬಮಲ್ಲಿ 'ವೆಲ್ ಯೂ ನೀಡಂಟ್' ಕೇಳಿ, ಪಿಯಾನೋ ಸೋಲೋ ಮುಗಿದ ತಕ್ಷಣ ಮಾಂಕ್ "ಕೋಲ್ಟ್ರೇನ್, ಕೋಲ್ಟ್ರೇನ್" ಅಂತ ಕೂಗಿದ್ದು ಹಾಗೇ ರೆಕಾರ್ಡ್ ಆಗಿದೆ, ಆ ದನಿ ಕೇಳಿದ್ರೆ ಅವರು ನಿಮ್ಮ ರೂಮಲ್ಲೇ ಇದ್ದಂಗೆ ಅನ್ಸುತ್ತೆ. ನಂಗೆ ಹೆಚ್ಚು ಇಷ್ಟ ಆಗೋದು ಕಾರ್ನೆಗೀ ಹಾಲ್‌ದು. 1957 ನವೆಂಬರ್ 29ರ ಕಛೇರಿ, ಟೇಪು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಯಾರ ಗಮನಕ್ಕೂ ಬಾರದೆ ಬಿದ್ದಿತ್ತು, 2005ರಲ್ಲಿ ಅಲ್ಲಿನ ಲ್ಯಾರಿ ಆ್ಯಪಲ್‌ಬಾಮ್ ಕಣ್ಣಿಗೆ ಬಿತ್ತು. ಫೈವ್ ಸ್ಪಾಟ್‌ನ ಆ ತಿಂಗಳುಗಳದ್ದು ಒಳ್ಳೇ ರೆಕಾರ್ಡಿಂಗ್ ಉಳಿದಿಲ್ಲ ಅಂತ ಎಲ್ರೂ ಕೊರಗ್ತಾ ಇದ್ದಾಗ 48 ವರ್ಷದ ಮೇಲೆ ಇದು ಸಿಕ್ತು. 'ಮಾಂಕ್ಸ್ ಮೂಡ್' ಇಂದ ಶುರುವಾಗುತ್ತೆ, ಹೆಚ್ಚುಕಮ್ಮಿ ಇಬ್ಬರೇ ಮಾತಾಡ್ಕೊಂಡಂಗೆ. ಮೂರನೇದು ನೆಲ್ಲಿ ಟ್ಯೂನು.

ಹಳೇರೆಕಾರ್ಡು:

ಬೆಳಗಿನಜಾವ ಅವ್ರ ಮಾತು ಒಪ್ದೆ, ನೆಲ್ಲಿ ಹೆಸರು ಬಿಟ್ಟಿದ್ದು ನನ್ನ ತಪ್ಪು, ಮೊದಲು ಬರಬೇಕಿದ್ದ ಹೆಸರು.

ಹಾರಿಬಿಟ್ಟಿದ್ದೂ ಹೌದು, ಅದನ್ನ ಬರೆಯೋಕೆ ಮನಸ್ಸಾಗ್ಲಿಲ್ಲ. 60ರ ದಶಕದ ಕೊನೆಗೆ ರಾಕ್ ಸಂಗೀತ ಬಂದು ಜಾಝ್ ಮಾರ್ಕೆಟ್ ಕುಸೀತು, ಕೊಲಂಬಿಯಾದವರು 1968ರಲ್ಲಿ ಅವನನ್ನ ದೊಡ್ಡ ಬ್ಯಾಂಡ್ ಜೊತೆ ಕೂರಿಸಿ ಒಂದು ಆಲ್ಬಮ್ ಮಾಡಿಸಿದ್ರು, ಅದು ಅವನದ್ದಲ್ಲದ ಬಟ್ಟೆ ಅವನಿಗೆ ತೊಡಿಸಿದಂಗಿದೆ, ಆಮೇಲೆ ಕೈ ಬಿಟ್ರು. 1971-72ರಲ್ಲಿ ಜೈಂಟ್ಸ್ ಆಫ್ ಜಾಝ್ ಅನ್ನೋ ತಂಡದ ಜೊತೆ ಪ್ರವಾಸ ಹೋದ, 1971 ನವೆಂಬರಲ್ಲಿ ಲಂಡನ್‌ನಲ್ಲಿ ತನ್ನ ಹೆಸರಿನ ಕೊನೇ ಸ್ಟುಡಿಯೋ ರೆಕಾರ್ಡಿಂಗ್ ಮಾಡಿದ. ಅದನ್ನ ಕೇಳಿ, ಕೈ ಎಲ್ಲೂ ಸೋತಿಲ್ಲ. 1976ರಲ್ಲಿ ಕೊನೇ ಕಛೇರಿ. ಅಲ್ಲಿಂದ ತೀರ್ಕೊಳ್ಳೋ ತನಕ ನ್ಯೂಜೆರ್ಸಿಯ ವೀಹಾಕನ್‌ನಲ್ಲಿ ನಿಕಾ ಮನೇಲಿ ಇದ್ದ, ಹಡ್ಸನ್ ನದಿ, ಆಚೆ ದಡದಲ್ಲಿ ನ್ಯೂಯಾರ್ಕ್ ಎಲ್ಲ ಕಾಣೋ ಮನೆ, ಒಳಗೆ ಲೆಕ್ಕವಿಲ್ಲದಷ್ಟು ಬೆಕ್ಕುಗಳು. ಪಿಯಾನೋ ಇತ್ತು, ಮುಟ್ಟುತ್ತಿರಲಿಲ್ಲ. ನೆಲ್ಲಿ ಬಂದು ನೋಡ್ಕೊಳ್ತಿದ್ಲು. ಅದೇ ಮನೇಲಿದ್ದ ಬ್ಯಾರಿ ಹ್ಯಾರಿಸ್ ದಿನಾ ಪ್ರಾಕ್ಟೀಸ್ ಮಾಡ್ತಿದ್ದ, ಅವನೂ ಒಳ್ಳೇ ಪಿಯಾನಿಸ್ಟ್. ಅಂದ್ರೆ ಆ ವರ್ಷಗಳಲ್ಲೂ ಮಾಂಕ್ ಇದ್ದ ಮನೇಲಿ ಪಿಯಾನೋ ನುಡೀತಾನೇ ಇತ್ತು.

ಒಂದು ರೆಕಾರ್ಡಿಂಗ್ ಹೇಳಿ ಬಿಡ್ತೀನಿ, ಇದನ್ನ ಕೇಳದೆ ಬಿಡ್ಬೇಡಿ. 1968 ಅಕ್ಟೋಬರ್ 27, ಭಾನುವಾರ ಮಧ್ಯಾಹ್ನ, ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋ ಹೈಸ್ಕೂಲ್. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆ ಆದ ವರ್ಷ ಅದು. ಡ್ಯಾನಿ ಶೇರ್ ಅಂತ 16 ವರ್ಷದ ಹುಡುಗ, ಅಲ್ಲಿನ ವಿದ್ಯಾರ್ಥಿ, ಮಾಂಕ್‌ನ ಸ್ಕೂಲ್ ಆಡಿಟೋರಿಯಮ್ಮಿಗೆ ಕರೆಸೋಕೆ ಹೊರಟ. ಪಕ್ಕದ ಈಸ್ಟ್ ಪಾಲೋ ಆಲ್ಟೋದಲ್ಲಿ ಕಪ್ಪು ಜನ ಇರೋದು, ಅಲ್ಲೂ ಹೋಗಿ ಪೋಸ್ಟರ್ ಅಂಟಿಸಿದ. ಬಿಳಿಯರ ಸ್ಕೂಲಿಗೆ ಮಾಂಕ್ ಬರ್ತಾನಾ ಅಂತ ಯಾರೂ ನಂಬ್ಲಿಲ್ಲ, ಆ ದಿನ ಜನ ಟಿಕೆಟ್ ತಗೊಳ್ದೆ ಪಾರ್ಕಿಂಗಲ್ಲೇ ನಿಂತು ಕಾಯ್ತಾ ಇದ್ರು, ವ್ಯಾನಲ್ಲಿ ಬಂದ ಮಾಂಕ್ ಇಳಿದಿದ್ದು ಕಣ್ಣಾರೆ ನೋಡಿ ಆಮೇಲೆ ಒಳಗೆ ಹೋದ್ರು. ಸ್ಕೂಲಿನ ಜಾಡಮಾಲಿ ಕೆಲಸದವನೊಬ್ಬ ರೆಕಾರ್ಡ್ ಮಾಡೋಕೆ ಬಿಟ್ರೆ ಪಿಯಾನೋ ನಾನೇ ಟ್ಯೂನ್ ಮಾಡ್ಕೊಡ್ತೀನಿ ಅಂದ. ಅವನು ಮಾಡಿದ ಟೇಪೇ 2020ರಲ್ಲಿ ಹೊರಗೆ ಬಂತು.

ಚಾರ್ಲಿ ರೌಸ್, ಬಾಸ್‌ಗೆ ಲ್ಯಾರಿ ಗೇಲ್ಸ್, ಡ್ರಮ್ಸ್‌ಗೆ ಬೆನ್ ರೈಲಿ ಮೂವರೂ ಇದ್ದಾರೆ. ಹೈಸ್ಕೂಲ್ ಮಕ್ಕಳ ಮುಂದೆ ಅಂತ ಒಂದು ಸ್ವರಾನೂ ಕಮ್ಮಿ ಮಾಡಿಲ್ಲ. ಅದರಲ್ಲಿ 'ಬ್ಲೂ ಮಾಂಕ್' ಕೂಡ ಇದೆ, ನಿಮಗೆ ಟ್ಯೂನ್ ಈಗ ಬಾಯಿಗೆ ಬಂದಿದೆಯಲ್ಲ, 1954ರದ್ದು ಒಂದು ಸಲ ಹಾಕಿ ಬೆನ್ನಿಗೇ ಇದನ್ನ ಹಾಕಿ. ಕೇಳಿ ಬಂದು ಇಲ್ಲೇ ಬರೀರಿ.